ಮೋಟರ್ ಎತ್ತೋ ಮುಂಚೆ ಫ್ಯೂಸ್ ನೋಡು

ಮೂರನೇ ಸೆಮ್ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ ಅಪ್ಪನ ಹತ್ತಿರ ಒಂದು ಮಾತು ಕೇಳಿದ್ದೆ. "ಈ ಲ್ಯಾಪ್‌ಟಾಪ್ ಸಾಲ್ತಿಲ್ಲ, ಹೊಸದು ಬೇಕು. 90 ಸಾವಿರ ಆಗಬಹುದು. ಪ್ರಾಜೆಕ್ಟ್‌ಗೆ ಬೇಕೇಬೇಕು." ಇದರಲ್ಲಿ ಮೊದಲ ಎರಡು ವಾಕ್ಯ ನಿಜ ಅಂತ ನಾನು ನಂಬಿದ್ದೆ. ಮೂರನೆಯದು ಸುಳ್ಳು ಅಂತ ಹೇಳುವಾಗಲೇ ಗೊತ್ತಿತ್ತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆತು ಬಿಡು. ಬ್ಯಾಡಗಿ ಕೋಲ್ಡ್ ಸ್ಟೋರೇಜ್‌ನಾಗ ಹೋದ ವರ್ಷದ ಚೀಲ ಅದಾವಲ್ಲ, ಮಾರೂಣು" ಅಂದರು. ನಮ್ಮ ಊರು ಅಗಡಿ, ಹಾವೇರಿ ತಾಲ್ಲೂಕು. ನಮ್ಮ ಕಡೆ ಮೆಣಸಿನಕಾಯಿ ಬೆಳೆಯೋರು ರೇಟ್ ಸರಿ ಇಲ್ಲದಿದ್ದರೆ ಚೀಲಗಳನ್ನ ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟು ಕಾಯ್ತಾರೆ. ಅಪ್ಪನೂ ಕಾಯ್ತಾ ಇದ್ದರು. ನನ್ನ ಮಾತಿಗೆ ಆ ಕಾಯೋದನ್ನ ನಿಲ್ಲಿಸೋಕೆ ರೆಡಿ ಆದರು. ಈ ಲೇಖನ ಬರೀತಿರೋದು ಆ ಚೀಲಗಳ ಕಾರಣಕ್ಕೆ.

ಮೊದಲೇ ಹೇಳಿಬಿಡ್ತೀನಿ, ನಾನು ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಸಂಪಾದಕರು ತಿದ್ದುತ್ತಾರೆ ಅನ್ನೋ ಧೈರ್ಯದ ಮೇಲೆ ಶುರು ಮಾಡಿದ್ದೀನಿ.

ಮೂರು ಕಂಪ್ಲೇಂಟ್

ನನಗೆ ಲ್ಯಾಪ್‌ಟಾಪ್ ಬೇಕಾಗಿದ್ದು ಡಿಸಿಎಸ್ ವರ್ಲ್ಡ್‌ಗೆ. ಹಾಸ್ಟೆಲ್‌ನಲ್ಲಿ ಕೆಲವರಿಗೆ ಗೊತ್ತಿರುತ್ತೆ, ಇದು ಯುದ್ಧವಿಮಾನದ ಸಿಮ್ಯುಲೇಟರ್. ಬೇಸ್ ಗೇಮ್ ಫ್ರೀ. ಜೊತೆಗೆ ಸು-25ಟಿ ಅನ್ನೋ ರಷ್ಯನ್ ದಾಳಿ ವಿಮಾನ, ಟಿಎಫ್-51ಡಿ ಅನ್ನೋ ಹಳೇ ಮಸ್ಟ್ಯಾಂಗ್ ಕೂಡ ಫ್ರೀ. ಬೇರೆ ಗೇಮ್‌ಗಳ ಹಾಗೆ ಒಂದು ಬಟನ್ ಒತ್ತಿದ ತಕ್ಷಣ ಹಾರೋದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಬೇಕು, ಫ್ಲ್ಯಾಪ್ ಇಳಿಸಬೇಕು, ವೇಗ ಜಾಸ್ತಿ ಇದ್ದರೆ ರನ್‌ವೇ ಮೇಲೆ ಚೆಂಡಿನ ಹಾಗೆ ಪುಟಿಯುತ್ತೆ. ನನಗೆ ಶತ್ರು ವಿಮಾನ ಹೊಡೆಯೋದಕ್ಕಿಂತ ಸರಿಯಾಗಿ ಲ್ಯಾಂಡ್ ಮಾಡೋದೇ ದೊಡ್ಡ ಯುದ್ಧ.

ಹಾಸ್ಟೆಲ್‌ನಲ್ಲಿ ಹೇಗೋ ನಡೀತಿತ್ತು. ಊರಿಗೆ ಹೋದ ಮೇಲೆ ಎಲ್ಲ ಕೆಟ್ಟಿತು. ಮೂರು ಕಂಪ್ಲೇಂಟ್.

ಒಂದು, ವಿಮಾನ ತನ್ನಷ್ಟಕ್ಕೆ ತಾನೇ ಎಡಕ್ಕೆ ವಾಲುತ್ತಿತ್ತು.

ಎರಡು, ಮೊದಲ ಹತ್ತು ನಿಮಿಷ ಚೆನ್ನಾಗಿ ಓಡಿ, ಆಮೇಲೆ ಎಫ್‌ಪಿಎಸ್ 45ರಿಂದ 20ಕ್ಕೆ ಬೀಳುತ್ತಿತ್ತು.

ಮೂರು, ಲ್ಯಾಂಡಿಂಗ್ ಹೊತ್ತಿಗೆ ಮೂಗು ಮೇಲೆ ಕೆಳಗೆ, ಮೇಲೆ ಕೆಳಗೆ. ನಾನು ತಿದ್ದಿದಷ್ಟೂ ಓಲಾಟ ಜಾಸ್ತಿ. ಕೊನೆಗೆ ರನ್‌ವೇಗೆ ಮೂಗು ಕುಟ್ಟಿ ಬೆಂಕಿ.

ನಾನು ಏನು ಮಾಡಿದೆ? ನಾವೆಲ್ಲ ಮಾಡೋದನ್ನೇ ಮಾಡಿದೆ. ಗ್ರಾಫಿಕ್ಸ್ ಡ್ರೈವರ್ ಬದಲಾಯಿಸಿದೆ. ಎಲ್ಲ ಸೆಟ್ಟಿಂಗ್ 'ಲೋ'ಗೆ ಇಳಿಸಿದೆ. ಯಾರೋ ಯೂಟ್ಯೂಬ್‌ನಲ್ಲಿ ಹೇಳಿದ ಹಾಗೆ ರಿಜಿಸ್ಟ್ರಿಯಲ್ಲಿ ಕೈ ಹಾಕಿದೆ. ಎಡಕ್ಕೆ ವಾಲೋದಕ್ಕೆ ಜಾಯ್‌ಸ್ಟಿಕ್ ಕೆಟ್ಟಿದೆ ಅಂತ ತೀರ್ಮಾನ ಮಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದ ಅದನ್ನ ಬಿಚ್ಚಿದೆ. ಒಳಗಿನ ಪೊಟೆನ್ಶಿಯೋಮೀಟರ್ ಒರೆಸಿ, ಮುಚ್ಚುವಾಗ ಒಂದು ಪ್ಲಾಸ್ಟಿಕ್ ಕ್ಲಿಪ್ ಮುರಿದೆ. ಇದೆಲ್ಲ ಒಂದೇ ದಿನ, ಒಂದರ ಮೇಲೊಂದು. ಒಂದು ವಾರ ಆದ ಮೇಲೆ ಮೂರು ಕಂಪ್ಲೇಂಟೂ ಹಾಗೇ ಇದ್ದವು. ಜೊತೆಗೆ ಜಾಯ್‌ಸ್ಟಿಕ್ ಲಟಲಟ ಅಂತಿತ್ತು. ಆಗ ಬಂದ ತೀರ್ಮಾನವೇ 90 ಸಾವಿರ.

ಬೋರ್‌ವೆಲ್ ಹತ್ತಿರ

ಅದೇ ವಾರ ಹೊಲದಲ್ಲಿ ಮೋಟರ್ ನಿಂತಿತು. ಸಬ್‌ಮರ್ಸಿಬಲ್, ಅಂದ್ರೆ ಬೋರ್‌ವೆಲ್ ಒಳಗೆ ನೂರಾರು ಅಡಿ ಕೆಳಗೆ ಕೂತಿರೋ ಮೋಟರ್. ಗೋವಿನಜೋಳಕ್ಕೆ ನೀರು ಬೇಕಾಗಿದ್ದ ಹೊತ್ತು. "ಮೋಟ್ರ ಸುಟ್ಟಂಗ ಐತಿ, ಎತ್ತಿಸಬೇಕು" ಅಂತ ನಾನೇ ದೊಡ್ಡ ಎಂಜಿನಿಯರ್ ಹಾಗೆ ಅಪ್ಪನಿಗೆ ಹೇಳಿದೆ. ಮೋಟರ್ ಎತ್ತೋದು ಅಂದ್ರೆ ಪೈಪ್ ಪೈಪ್ ಆಗಿ ಎಳೆಯಬೇಕು. ಆಳು, ಗಾಡಿ, ಒಂದು ದಿನ.

ಮೆಕ್ಯಾನಿಕ್ ಬಂದರು. ಬೋರ್‌ವೆಲ್ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಸ್ಟಾರ್ಟರ್ ಡಬ್ಬಿ ಹತ್ತಿರ ಹೋದರು. ಟೆಸ್ಟ್ ಲ್ಯಾಂಪ್ ಇಟ್ಟು ಮೂರೂ ಫೇಸ್ ಬರ್ತಿದಾವಾ ನೋಡಿದರು. ಬರ್ತಿತ್ತು. ಫ್ಯೂಸ್ ನೋಡಿದರು. ಸರಿ ಇತ್ತು. ಸ್ಟಾರ್ಟರ್ ಒತ್ತಿ, ಟಾಂಗ್ ಟೆಸ್ಟರ್‌ನ ಒಂದೊಂದೇ ವಯರ್‌ಗೆ ಹಿಡಿದು ಕರೆಂಟ್ ಎಷ್ಟು ಎಳೀತಿದೆ ಅಂತ ನೋಡಿದರು. ಎರಡು ವಯರ್‌ನಲ್ಲಿ ಇತ್ತು, ಒಂದರಲ್ಲಿ ಸೊನ್ನೆ. ಆಮೇಲೆ ಸ್ಟಾರ್ಟರ್‌ನಿಂದ ಬೋರ್‌ವೆಲ್ ತನಕ ಕೇಬಲ್ ಹಿಡ್ಕೊಂಡು ನಡೆದರು. ಅರ್ಧ ದಾರಿಯಲ್ಲಿ ಹಳೇ ಜಾಯಿಂಟ್, ಟೇಪ್ ಸುತ್ತಿದ್ದು, ಒಳಗೆ ಕರಿ ಹಿಡಿದು ಒಂದು ಎಳೆ ಬಿಟ್ಟಿತ್ತು. ಕತ್ತರಿಸಿ, ಸುತ್ತಿ, ಟೇಪ್ ಹಾಕಿದರು. ನೀರು ಬಂತು. ಮುಕ್ಕಾಲು ಗಂಟೆ.

ನಾನು ಕೇಳಿದೆ, "ಮೋಟರ್ ಕೆಟ್ಟಿಲ್ಲ ಅಂತ ನಿಮಗೆ ಹೆಂಗ್ ಗೊತ್ತಾತ್ರೀ?"

"ಗೊತ್ತಿರಲಿಲ್ಲಪಾ" ಅಂದರು. "ಕೆಟ್ಟಿದ್ರೂ ಕೆಟ್ಟಿರಬಹುದಿತ್ತು. ಆದ್ರ ಮೋಟ್ರ ನೋಡಬೇಕಂದ್ರ ಒಂದ್ ದಿನ ಬೇಕು, ಫ್ಯೂಸ್ ನೋಡಾಕ ಒಂದ್ ನಿಮಿಷ. ಮೊದ್ಲ ಒಂದ್ ನಿಮಿಷದ್ದು ಮುಗಸಬೇಕು."

ನಾಲ್ಕು ವರ್ಷದ ಕೋರ್ಸಿನಲ್ಲಿ ಒಂದೂವರೆ ವರ್ಷ ಮುಗಿಸಿದ ನನಗೆ ಈ ಮಾತನ್ನ ಅಲ್ಲಿ ತನಕ ಯಾರೂ ಹೇಳಿರಲಿಲ್ಲ. ಅಥವಾ ಹೇಳಿದ್ದರೂ ಪರೀಕ್ಷೆಗೆ ಬರಲ್ಲ ಅಂತ ನಾನು ಕೇಳಿಸಿಕೊಂಡಿರಲಿಲ್ಲ.

ಒಂದು ಸಲಕ್ಕೆ ಒಂದೇ

ಆ ರಾತ್ರಿ ಒಂದು ನೋಟ್‌ಬುಕ್ ತಗೊಂಡು ಮೂರು ಕಂಪ್ಲೇಂಟ್‌ಗೂ ಮೂರು ಪುಟ ಮಾಡಿದೆ. ನಿಯಮ ಎರಡೇ. ಖರ್ಚಿಲ್ಲದ, ಬೇಗ ಮುಗಿಯೋ ಪರೀಕ್ಷೆ ಮೊದಲು. ಒಂದು ಸಲಕ್ಕೆ ಒಂದೇ ಬದಲಾವಣೆ, ಆಗಿದ್ದನ್ನ ಬರೆದ ಮೇಲೆ ಇನ್ನೊಂದು.

ಮೊದಲನೇ ಪುಟ: ಎಡಕ್ಕೆ ವಾಲೋದು. ಡಿಸಿಎಸ್‌ನಲ್ಲಿ ರೈಟ್ ಕಂಟ್ರೋಲ್ ಮತ್ತು ಎಂಟರ್ ಒಟ್ಟಿಗೆ ಒತ್ತಿದರೆ ಪರದೆ ಮೂಲೆಯಲ್ಲಿ ಒಂದು ಚಿಕ್ಕ ಚೌಕ ಬರುತ್ತೆ. ಸ್ಟಿಕ್ ಎಲ್ಲಿದೆ ಅಂತ ಸಿಮ್ಯುಲೇಟರ್ ಅಂದುಕೊಂಡಿದೆಯೋ ಅದು ಅಲ್ಲಿ ಕಾಣುತ್ತೆ. ಜಾಯ್‌ಸ್ಟಿಕ್ ಮುಟ್ಟದೇ ನೋಡಿದೆ, ಗುರುತು ಎಡಕ್ಕೆ ಇತ್ತು. ಜಾಯ್‌ಸ್ಟಿಕ್‌ನ ಕೇಬಲ್ಲೇ ಕಿತ್ತು ನೋಡಿದೆ. ಗುರುತು ಇನ್ನೂ ಎಡಕ್ಕೇ ಇತ್ತು! ಅಂದ್ರೆ ಜಾಯ್‌ಸ್ಟಿಕ್ ತಪ್ಪಿತಸ್ಥ ಅಲ್ಲವೇ ಅಲ್ಲ. ಕಂಟ್ರೋಲ್ಸ್ ಪಟ್ಟಿ ತೆಗೆದರೆ ರೋಲ್ ಆಕ್ಸಿಸ್ ಎದುರು ಎರಡು ಸಾಧನಗಳ ಹೆಸರು. ತಮ್ಮ ಫುಟ್‌ಬಾಲ್ ಗೇಮ್ ಆಡೋ ಗೇಮ್‌ಪ್ಯಾಡ್‌ನ ಡಾಂಗಲ್ ಲ್ಯಾಪ್‌ಟಾಪ್ ಹಿಂದೆ ಚುಚ್ಚಿಕೊಂಡೇ ಇತ್ತು. ಡಿಸಿಎಸ್‌ಗೆ ಹೊಸ ಸಾಧನ ಸಿಕ್ಕರೆ ಅದಕ್ಕೂ ತಾನೇ ಆಕ್ಸಿಸ್ ಹಂಚುತ್ತೆ. ಆ ಗೇಮ್‌ಪ್ಯಾಡ್ ದಿಂಬಿನ ಕೆಳಗೆ ಒಂದು ಪಕ್ಕಕ್ಕೆ ಒತ್ತಿಕೊಂಡು ಬಿದ್ದಿತ್ತು. ನನ್ನ ಸು-25 ಅನ್ನ ಅರ್ಧ ನಾನು ಹಾರಿಸ್ತಿದ್ದೆ, ಅರ್ಧ ದಿಂಬು ಹಾರಿಸ್ತಿತ್ತು. ಡಾಂಗಲ್ ತೆಗೆದೆ. ಖರ್ಚು ಸೊನ್ನೆ. ಜಾಯ್‌ಸ್ಟಿಕ್‌ನ ಕ್ಲಿಪ್ ಮುರಿದಿದ್ದು ಮಾತ್ರ ಮುರಿದ ಹಾಗೇ ಉಳಿಯಿತು.

ಎರಡನೇ ಪುಟ: ಎಫ್‌ಪಿಎಸ್ ಬೀಳೋದು. ನನ್ನ ಮೊದಲ ಅನುಮಾನ ಊರಿನ ವೋಲ್ಟೇಜ್ ಮೇಲೆ. ಸಂಜೆ ಹೊತ್ತು ಬಲ್ಬ್ ಮಂಕಾಗೋದು ನೋಡಿದ್ದೆನಲ್ಲ. ಆಮೇಲೆ ಚಾರ್ಜರ್ ತಿರುಗಿಸಿ ಅದರ ಮೇಲಿನ ಚಿಕ್ಕ ಅಕ್ಷರ ಓದಿದೆ. ಇನ್‌ಪುಟ್ 100ರಿಂದ 240 ವೋಲ್ಟ್. ಮಲ್ಟಿಮೀಟರ್‌ನಲ್ಲಿ ನೋಡಿದರೆ ಬೋರ್ಡಿನಲ್ಲಿ 190ಕ್ಕಿಂತ ಕೆಳಗೆ ಹೋಗಲೇ ಇಲ್ಲ. ಅನುಮಾನ ಸುಳ್ಳು, ಗೆರೆ ಎಳೆದೆ. ಎರಡನೇ ಅನುಮಾನ ಬಿಸಿ. ಅದನ್ನ ನಾನು ಮೊದಲೇ ತಳ್ಳಿಹಾಕಿದ್ದೆ. ಜನವರಿ ಚಳಿ, ಬಿಸಿ ಹೇಗಾಗುತ್ತೆ ಅಂತ. ಈಗ ಟೆಂಪರೇಚರ್ ತೋರಿಸೋ ಸಾಫ್ಟ್‌ವೇರ್ ಹಾಕಿ ನೋಡಿದರೆ ಹತ್ತನೇ ನಿಮಿಷಕ್ಕೆ ಸಿಪಿಯು 96 ಡಿಗ್ರಿ. ಅಷ್ಟಾದ ಮೇಲೆ ಚಿಪ್ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ವೇಗ ಇಳಿಸಿಕೊಳ್ಳುತ್ತೆ. ಕಾರಣ ಹುಡುಕೋದು ಕಷ್ಟ ಆಗಲಿಲ್ಲ. ಚಳಿ ಅಂತ ಅಜ್ಜಿ ಹೊಲಿದ ಕೌದಿ ಹಾಸಿ, ಅದರ ಮೇಲೆ ಕೂತು, ಲ್ಯಾಪ್‌ಟಾಪನ್ನೂ ಅದರ ಮೇಲೇ ಇಟ್ಟಿದ್ದೆ. ಕೆಳಗಿನ ಗಾಳಿ ಕಿಂಡಿಗಳನ್ನ ಕೌದಿ ಪೂರ್ತಿ ಮುಚ್ಚಿತ್ತು. ರೊಟ್ಟಿ ಬಡಿಯೋ ಕೊಮ್ಮಣಿಗೆ ಕೇಳಿದರೆ ಅವ್ವ ಬೈದರು. ಒಂದು ಮರದ ಹಲಗೆ ಸಿಕ್ಕಿತು. ಹಲಗೆ ಮೇಲೆ 84 ಡಿಗ್ರಿ. ಅರ್ಧ ಗಂಟೆ ಆದರೂ ಎಫ್‌ಪಿಎಸ್ 40ರ ಮೇಲೇ. ಖರ್ಚು ಸೊನ್ನೆ.

ಮೂರನೇ ಪುಟ: ಓಲಾಟ. ಇದು ನನಗೆ ಎಲ್ಲಕ್ಕಿಂತ ನೋವು ಕೊಟ್ಟಿದ್ದು, ಯಾಕಂದ್ರೆ ಇದರಲ್ಲಿ ನಾನೇ ದಡ್ಡ ಅಂತ ಒಪ್ಪಿಕೊಂಡಿದ್ದೆ. ಹಾಸ್ಟೆಲ್‌ನಲ್ಲಿ ಹತ್ತರಲ್ಲಿ ಏಳು ಸಲ ಇಳಿಸ್ತಿದ್ದವನು ಊರಲ್ಲಿ ಒಂದೂ ಇಳಿಸಲಾಗಲಿಲ್ಲ. ಹಾಗಾದರೆ ಎರಡು ಜಾಗಕ್ಕೂ ಏನು ವ್ಯತ್ಯಾಸ ಅಂತ ಪಟ್ಟಿ ಮಾಡಿದೆ. ಉತ್ತರ ಕಣ್ಣೆದುರೇ ನೇತಾಡ್ತಿತ್ತು. ಊರಲ್ಲಿ ಎಚ್‌ಡಿಎಂಐ ಕೇಬಲ್ ಹಾಕಿ ಮನೆಯ ಟಿವಿಯಲ್ಲಿ ಆಡ್ತಿದ್ದೆ. ಟಿವಿ ಪ್ರತಿ ಚಿತ್ರವನ್ನ ಸುಂದರ ಮಾಡೋಕೆ, ನುಣುಪು ಮಾಡೋಕೆ ಸ್ವಲ್ಪ ಹೊತ್ತು ತಗೊಳ್ಳುತ್ತೆ. ಧಾರಾವಾಹಿ ನೋಡೋರಿಗೆ ಅದು ಗೊತ್ತೇ ಆಗಲ್ಲ. ವಿಮಾನ ಇಳಿಸೋರಿಗೆ ಗೊತ್ತಾಗುತ್ತೆ.

ಎಷ್ಟು ಹೊತ್ತು ಅಂತ ಅಳೆದೆ. ಫೋನಿನ ಸ್ಲೋ ಮೋಷನ್ ಸೆಕೆಂಡಿಗೆ 240 ಚಿತ್ರ ತೆಗೆಯುತ್ತೆ, ಅಂದ್ರೆ ಒಂದು ಚಿತ್ರಕ್ಕೆ 4 ಮಿಲಿಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ನನ್ನ ಕೈ ಮತ್ತು ಪರದೆ ಎರಡೂ ಕಾಣೋ ಹಾಗೆ ಫೋನ್ ಇಟ್ಟು, ಸ್ಟಿಕ್ ಜೋರಾಗಿ ಎಳೆದು, ಕೈ ಅಲುಗಿದ ಚಿತ್ರದಿಂದ ಪರದೆ ಅಲುಗಿದ ಚಿತ್ರದ ತನಕ ಎಣಿಸಿದೆ. ಐದು ಸಲದ ಸರಾಸರಿ: ಟಿವಿಯಲ್ಲಿ 43 ಚಿತ್ರ, ಅಂದ್ರೆ 179 ಮಿಲಿಸೆಕೆಂಡ್. ಲ್ಯಾಪ್‌ಟಾಪ್ ಪರದೆಯಲ್ಲಿ 19 ಚಿತ್ರ, 79 ಮಿಲಿಸೆಕೆಂಡ್. ಟಿವಿ ಸೆಟ್ಟಿಂಗ್ಸ್‌ನಲ್ಲಿ 'ಗೇಮ್ ಮೋಡ್' ಆನ್ ಮಾಡಿದ ಮೇಲೆ 24 ಚಿತ್ರ, 100 ಮಿಲಿಸೆಕೆಂಡ್. ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಇಳಿಯೋ ವಿಮಾನ 179 ಮಿಲಿಸೆಕೆಂಡಿನಲ್ಲಿ ಸುಮಾರು 13 ಮೀಟರ್ ಮುಂದೆ ಹೋಗಿರುತ್ತೆ. ನಾನು ತಿದ್ದುತ್ತಿದ್ದದ್ದು 13 ಮೀಟರ್ ಹಿಂದಿನ ವಿಮಾನವನ್ನ. ಗೇಮ್ ಮೋಡ್ ಹಾಕಿದ ಮೊದಲ ಸಂಜೆ ಹತ್ತರಲ್ಲಿ ಆರು ಸಲ ಇಳಿಸಿದೆ. ಖರ್ಚು ಮತ್ತೆ ಸೊನ್ನೆ.

ಅಪ್ಪ ಪಕ್ಕದಲ್ಲೇ ಕೂತು ನೋಡ್ತಿದ್ದರು. ಏನಾಗಿತ್ತು ಅಂತ ಕೇಳಿದರು. 'ಲೇಟೆನ್ಸಿ' ಅಂದೆ. ಅರ್ಥ ಆಗಲಿಲ್ಲ. ನಾನು ಈಗ ಮಾಡಿದ್ದು ಪರದೆ ಮೇಲೆ ತಡವಾಗಿ ಕಾಣುತ್ತೆ, ಕಾಣಲಿಲ್ಲ ಅಂತ ಇನ್ನೂ ಜೋರಾಗಿ ಎಳೀತೀನಿ, ಅಷ್ಟರಲ್ಲಿ ಎರಡೂ ಸೇರಿ ಬರುತ್ತೆ ಅಂತ ಬಿಡಿಸಿ ಹೇಳಿದೆ. "ಹಂಗಂದ್ರ, ಕಾಲುವಿ ತುದೀಗೆ ನೀರು ಬರೋದ್ರೊಳಗ ನೀರs ಇಲ್ಲಂತ ಇನ್ನೊಂದ್ ಕಡೆ ಒಡದಂಗ" ಅಂದರು. ಕಂಟ್ರೋಲ್ ಸಿಸ್ಟಮ್ಸ್ ಪುಸ್ತಕದಲ್ಲಿ ಇದಕ್ಕಿಂತ ಚೆನ್ನಾಗಿ ಬರೆದಿರೋದು ನಾನು ಇನ್ನೂ ಓದಿಲ್ಲ.

ಇದು ಬರೀ ಆಟದ ವಿಷಯ ಅಲ್ಲ

ಈಗ ನಾಲ್ಕನೇ ಸೆಮ್‌ನಲ್ಲಿ ಫೇಸ್ ಮಾರ್ಜಿನ್ ಬಂದಾಗ ನನಗೆ ಆ ಟಿವಿ ನೆನಪಾಗುತ್ತೆ. ಲೂಪ್‌ನಲ್ಲಿ ತಡ ಇದ್ದರೆ ಅದು ಫೇಸ್ ತಿನ್ನುತ್ತೆ. ಸೆಕೆಂಡಿಗೆ ಒಂದು ಸಲ ಓಲಾಡುವ ಚಲನೆಗೆ 179 ಮಿಲಿಸೆಕೆಂಡ್ ಅಂದ್ರೆ 64 ಡಿಗ್ರಿ ಹಿಂದೆ. ನನ್ನ ಕೈ ಓಲಾಟವನ್ನ ನಿಲ್ಲಿಸೋ ಬದಲು ಅದಕ್ಕೇ ತಳ್ಳು ಕೊಡ್ತಿತ್ತು. ಇದಕ್ಕೆ ವಿಮಾನದ ಎಂಜಿನಿಯರ್‌ಗಳು 'ಪೈಲಟ್ ಇಂಡ್ಯೂಸ್ಡ್ ಆಸಿಲೇಷನ್' ಅಂತಾರೆ. ಹೆಸರಲ್ಲಿ ಪೈಲಟ್ ಮೇಲೆ ಆರೋಪ ಇದೆ. ತಪ್ಪು ಎಷ್ಟೋ ಸಲ ಪೈಲಟ್‌ದು ಅಲ್ಲ.

ನಿಜವಾದ ವಿಮಾನಗಳೂ ಇದರಲ್ಲಿ ಸಿಕ್ಕಿಕೊಂಡಿವೆ. 1974ರ ಜನವರಿ 20ರಂದು ಅಮೆರಿಕದ ವೈಎಫ್-16 ಬರೀ ರನ್‌ವೇ ಮೇಲೆ ವೇಗವಾಗಿ ಓಡೋ ಪರೀಕ್ಷೆಯಲ್ಲಿತ್ತು. ಎಡ ಬಲ ಓಲಾಡೋಕೆ ಶುರುವಾಗಿ, ನೆಲದ ಮೇಲಿರೋದೇ ಅಪಾಯ ಅಂತ ಪೈಲಟ್ ಅದನ್ನ ಹಾರಿಸಿಯೇ ಬಿಟ್ಟರು. ಆರು ನಿಮಿಷ ಹಾರಿಸಿ ಸುರಕ್ಷಿತವಾಗಿ ಇಳಿಸಿದರು. 1989ರ ಫೆಬ್ರವರಿಯಲ್ಲಿ ಸ್ವೀಡನ್‌ನ ಗ್ರಿಪೆನ್ ಮಾದರಿ ವಿಮಾನ ಇಳಿಯುವಾಗ ಇದೇ ಥರ ಓಲಾಡಿ ರನ್‌ವೇ ಮೇಲೆ ಉರುಳಿತು. ಪೈಲಟ್ ಬದುಕಿದರು. ಹಾಗಾಗಿ ಸ್ಟಿಕ್‌ನಿಂದ ವಿಮಾನದ ಪ್ರತಿಕ್ರಿಯೆ ತನಕ ಎಷ್ಟು ತಡ ಇರಬಹುದು ಅನ್ನೋದಕ್ಕೆ ಅಮೆರಿಕದ ಮಿಲಿಟರಿ ಮಾನದಂಡದಲ್ಲಿ ಒಂದು ಮಿತಿ ಇದೆ. ಅತ್ಯುತ್ತಮ ದರ್ಜೆಗೆ 100 ಮಿಲಿಸೆಕೆಂಡ್. ನಮ್ಮ ಮನೆ ಟಿವಿ ಆ ಪರೀಕ್ಷೆಯಲ್ಲಿ ಫೇಲ್.

ನಮ್ಮ ರಾಜ್ಯದಲ್ಲೇ ಇದರ ಕಥೆ ಇದೆ. ತೇಜಸ್ ಬೇಕಂತಲೇ ಅಸ್ಥಿರವಾಗಿ ಮಾಡಿದ ವಿಮಾನ. ಕಂಪ್ಯೂಟರ್ ಇಲ್ಲದೆ ಮನುಷ್ಯ ಅದನ್ನ ಹಾರಿಸೋಕೆ ಆಗಲ್ಲ. ನಾಲ್ಕು ಚಾನೆಲ್‌ನ ಡಿಜಿಟಲ್ ಫ್ಲೈ-ಬೈ-ವಯರ್ ಅದನ್ನ ಕ್ಷಣಕ್ಷಣಕ್ಕೂ ಹಿಡಿದಿಟ್ಟುಕೊಳ್ಳುತ್ತೆ. ಆ ಕಂಟ್ರೋಲ್ ಲಾ ಬರೆಯೋಕೆ 1992ರಲ್ಲಿ ಬೆಂಗಳೂರಿನ ಎನ್‌ಎಎಲ್‌ನಲ್ಲಿ ಒಂದು ತಂಡ ಕಟ್ಟಿದರು. 1998ರ ಮೇ ತಿಂಗಳಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆಯ್ತು, ಅಮೆರಿಕ ನಿರ್ಬಂಧ ಹಾಕಿತು, ಈ ಕೆಲಸಕ್ಕೆ ಅಲ್ಲಿಂದ ಸಿಗ್ತಿದ್ದ ಸಹಕಾರ ನಿಂತಿತು. ಹೊರಗಿನಿಂದ ತರಿಸೋ ದಾರಿ ಮುಚ್ಚಿದ ಮೇಲೆ ಉಳಿದಿದ್ದು ಬೆಂಗಳೂರಿನ ಸಿಮ್ಯುಲೇಟರ್‌ಗಳು, ಮತ್ತು 'ಐರನ್ ಬರ್ಡ್' ಅನ್ನೋ ಕಬ್ಬಿಣದ ಚೌಕಟ್ಟು. ಅದರಲ್ಲಿ ಹೈಡ್ರಾಲಿಕ್ಸ್, ಆಕ್ಚುಯೇಟರ್, ಕಂಪ್ಯೂಟರ್ ಎಲ್ಲ ನಿಜವಾದವು, ಆಕಾಶ ಮಾತ್ರ ಲೆಕ್ಕದ್ದು. ಇಂಥ ಜಾಗದಲ್ಲಿ ಬೇಕಂತಲೇ ದೋಷ ಹಾಕಿ, ಏನಾಗುತ್ತೆ ನೋಡಿ, ಬರೆದು, ಸರಿ ಮಾಡಿ, ಮತ್ತೆ ದೋಷ ಹಾಕ್ತಾರೆ. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಆ ವಿಮಾನವನ್ನ ಬೆಂಗಳೂರಿನಲ್ಲಿ ಮೊದಲ ಸಲ ಹಾರಿಸಿದರು.

ಇನ್ನೂ ಹಿಂದಕ್ಕೆ ಹೋದರೆ, 1929ರಲ್ಲಿ ಎಡ್ವಿನ್ ಲಿಂಕ್ ಅನ್ನೋ ಅಮೆರಿಕದವನು ಮಾಡಿದ ಟ್ರೇನರ್ ಸಿಗುತ್ತೆ. ಅವನ ಅಪ್ಪನದು ಆರ್ಗನ್ ತಯಾರಿಸೋ ಕಾರ್ಖಾನೆ. ಆರ್ಗನ್‌ನ ಗಾಳಿ ತಿದಿಗಳನ್ನೇ ಬಳಸಿ ಅವನು ಓಲಾಡೋ ಪುಟ್ಟ ವಿಮಾನ ಕಟ್ಟಿದ. ನಮ್ಮ ಕಂಪನಿ ನಾಟಕದ ಕಾಲುಪೇಟಿಯಲ್ಲಿ ಇರುತ್ತಲ್ಲ, ಆ ಥರದ ತಿದಿ. 1934ರಲ್ಲಿ ಅಂಚೆ ಸಾಗಿಸೋಕೆ ಹೋದ ಅಮೆರಿಕದ ಸೇನಾ ಪೈಲಟ್‌ಗಳು ಕೆಟ್ಟ ಹವೆಯಲ್ಲಿ ಒಬ್ಬರಾದ ಮೇಲೊಬ್ಬರು ಸತ್ತ ಮೇಲೆ ಸೇನೆ ಅಂಥ ಆರು ಯಂತ್ರ ಕೊಂಡುಕೊಂಡಿತು. ಸಾಯದೇ ತಪ್ಪು ಮಾಡೋಕೆ ಒಂದು ಜಾಗ ಬೇಕು ಅನ್ನೋದು ಸಿಮ್ಯುಲೇಟರ್‌ನ ಮೂಲ ಉದ್ದೇಶ.

ಹಾಗಾದರೆ ನಮ್ಮ ಲ್ಯಾಬ್ ಏನು?

ನಾನು ಹೇಳಬೇಕಾಗಿದ್ದ ಮುಖ್ಯ ವಿಷಯ ಇಲ್ಲಿದೆ. ನಮ್ಮ ಲ್ಯಾಬ್‌ಗಳೂ ತಪ್ಪು ಮಾಡೋ ಜಾಗ ಆಗಬೇಕಿತ್ತು. ಆದರೆ ಅಲ್ಲಿ ತಪ್ಪು ಮಾಡೋಕೆ ಜಾಗವೇ ಇಲ್ಲ.

ನಮ್ಮ ರೆಕಾರ್ಡ್ ಬುಕ್ ತೆಗೆದು ನೋಡಿ. ಉದ್ದೇಶ, ಉಪಕರಣ, ವಿಧಾನ, ಸರ್ಕ್ಯೂಟ್, ಟೇಬಲ್, ಫಲಿತಾಂಶ. 'ಮೊದಲ ಸಲ ಬರಲಿಲ್ಲ, ಯಾಕಂದ್ರೆ' ಅಂತ ಬರೆಯೋಕೆ ಒಂದು ಸಾಲೂ ಇಲ್ಲ. ಔಟ್‌ಪುಟ್ ಬಂದವನಿಗೆ ಮಾರ್ಕ್ಸ್, ಬರದವನಿಗೆ ಇಲ್ಲ. ಹಾಗಾಗಿ ಔಟ್‌ಪುಟ್ ಬರದಿದ್ದರೆ ನಾವು ಏನು ಮಾಡ್ತೀವಿ? ಐಸಿ ಬದಲಾಯಿಸ್ತೀವಿ. ಪ್ರೋಬ್ ಬದಲಾಯಿಸ್ತೀವಿ. ಪಕ್ಕದ ಬೆಂಚಿಗೆ ಹೋಗ್ತೀವಿ. ಕೊನೆಗೆ ಸೀನಿಯರ್ ರೆಕಾರ್ಡ್‌ನಿಂದ ರೀಡಿಂಗ್ ಬರ್ಕೊಂಡು ಸೈನ್ ಹಾಕಿಸ್ತೀವಿ. ನಾನೂ ಮಾಡಿದ್ದೀನಿ, ಸುಳ್ಳು ಯಾಕೆ.

ಕಳೆದ ಸೆಮ್‌ನಲ್ಲಿ ನಮ್ಮ ಬ್ಯಾಚ್ ಒಂದು ಆಪ್-ಆಂಪ್ ಸರ್ಕ್ಯೂಟ್‌ಗೆ ಮೂರು ಐಸಿ ಬದಲಾಯಿಸಿತು. ಮೂರೂ ಕೆಟ್ಟಿವೆ ಅಂತ ಡಬ್ಬಿಗೆ ಹಾಕಿದೆವು. ರಜೆ ಮುಗಿಸಿ ಬಂದ ಮೇಲೆ ನಾನು ಅದೇ ಥರದ ಬ್ರೆಡ್‌ಬೋರ್ಡ್ ತಗೊಂಡು ಮಲ್ಟಿಮೀಟರ್ ಹಿಡಿದೆ. ಅದರ ಪವರ್ ಸಾಲು ಮಧ್ಯದಲ್ಲಿ ತುಂಡಾಗಿರುತ್ತೆ. ಎಡ ಅರ್ಧಕ್ಕೆ ಸಪ್ಲೈ ಕೊಟ್ಟು ಬಲ ಅರ್ಧದಲ್ಲಿ ಐಸಿ ಇಟ್ಟರೆ ಯಾವ ಐಸಿಯೂ ಕೆಲಸ ಮಾಡಲ್ಲ. ಒಂದು ಚಿಕ್ಕ ವಯರ್ ಸಾಕಿತ್ತು. ಡಬ್ಬಿಗೆ ಹೋದ ಮೂರೂ ಐಸಿ ಚೆನ್ನಾಗಿದ್ದವು. ನಾವು ಫ್ಯೂಸ್ ನೋಡದೇ ಮೂರು ಸಲ ಮೋಟರ್ ಎತ್ತಿದ್ದೆವು.

ಇದಕ್ಕೆ ಉತ್ತರ ಇದೆ ಅಂತ ಗೊತ್ತು. ಲ್ಯಾಬ್‌ಗೆ ಸಿಗೋದು ಎರಡು ಮೂರು ಗಂಟೆ, ಒಂದು ಬೆಂಚಿಗೆ ಮೂರ್ನಾಲ್ಕು ಜನ, ಸಿಲಬಸ್ ಮುಗಿಸಬೇಕು. ಪ್ರತಿಯೊಬ್ಬರ ತಪ್ಪನ್ನೂ ನಿಂತು ನೋಡೋಕೆ ಮೇಷ್ಟ್ರಿಗೆ ಸಮಯ ಎಲ್ಲಿದೆ? ಒಪ್ಪುತ್ತೀನಿ. ಅದಕ್ಕೇ ನಾನು ಕೇಳೋದು ಚಿಕ್ಕದು. ಪ್ರತಿ ಪ್ರಯೋಗದ ಕೊನೆಗೆ ರೆಕಾರ್ಡ್‌ನಲ್ಲಿ ಒಂದು ಪುಟ. ಅದಕ್ಕೆ 'ತಪ್ಪಿನ ಪುಟ' ಅಂತ ಹೆಸರಿಡೋಣ. ಅದರಲ್ಲಿ ಮೂರೇ ವಿಷಯ: ಏನು ಬರಲಿಲ್ಲ, ಯಾವ ಕ್ರಮದಲ್ಲಿ ಹುಡುಕಿದೆ, ಕೊನೆಗೆ ಏನಾಗಿತ್ತು. ಸಿಗದೇ ಹೋದರೆ 'ಸಿಗಲಿಲ್ಲ, ಇಷ್ಟು ನೋಡಿದೆ' ಅಂತ ಬರೆಯೋ ಹಕ್ಕೂ ಇರಬೇಕು. ಹತ್ತು ಮಾರ್ಕ್ಸ್‌ನಲ್ಲಿ ಎರಡು ಮಾರ್ಕ್ಸ್ ಈ ಪುಟಕ್ಕೆ ಕೊಟ್ಟರೆ ಸಾಕು. ಸೀನಿಯರ್ ರೆಕಾರ್ಡ್‌ನಿಂದ ಫಲಿತಾಂಶ ನಕಲು ಮಾಡಬಹುದು, ನಿಮ್ಮ ಬೆಂಚಿನ ತಪ್ಪನ್ನ ನಕಲು ಮಾಡೋಕೆ ಆಗಲ್ಲ.

ಇನ್ನೊಂದು ಆಕ್ಷೇಪ ನನ್ನ ರೂಮ್‌ಮೇಟ್‌ದು. "ಎಲ್ಲ ಫ್ರೀಯಾಗಿ ಸರಿ ಹೋಗಲ್ಲ ಮಗಾ, ಕೆಲವು ಸಲ ಹಾರ್ಡ್‌ವೇರ್ ನಿಜವಾಗಲೂ ಸಾಲಲ್ಲ." ಅವನು ಹೇಳಿದ್ದೂ ಸರಿ. ಮೂರೂ ಕಂಪ್ಲೇಂಟ್ ಮುಗಿದ ಮೇಲೂ ಹೊಸ ಊರಿನ ಮೇಲೆ ಹಾರುವಾಗ ಒಂದು ಜರ್ಕ್ ಉಳಿದಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ 8 ಜಿಬಿ ರ‍್ಯಾಮ್ ಪೂರ್ತಿ ತುಂಬಿ, ಡಿಸ್ಕ್ ಒದ್ದಾಡ್ತಿತ್ತು. ಎರಡನೇ ಸ್ಲಾಟ್ ಖಾಲಿ ಇತ್ತು. ಇನ್ನೊಂದು 8 ಜಿಬಿ ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ಹಾಕಿದೆ, ನನ್ನ ಪಾಕೆಟ್ ಮನಿಯಲ್ಲೇ ಆಯ್ತು. ಜರ್ಕ್ ಬಹುಮಟ್ಟಿಗೆ ಹೋಯಿತು. ಖರ್ಚೇ ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಯಾವುದಕ್ಕೆ ಖರ್ಚು ಅಂತ ಗೊತ್ತಾದ ಮೇಲೆ ಮಾಡಿ. ನನಗೆ ಬೇಕಾಗಿದ್ದು ಒಂದು ರ‍್ಯಾಮ್ ಕಡ್ಡಿ, ಕೇಳಿದ್ದು 90 ಸಾವಿರ.

ಕನ್ನಡದಲ್ಲಿ ಯಾಕೆ?

ಕನ್ನಡ ಸಂಘದ ಪತ್ರಿಕೆಗೆ ಇದನ್ನ ಬರೆಯೋಕೆ ಒಂದು ಕಾರಣ ಇದೆ. ತಪ್ಪು ಹುಡುಕೋದನ್ನ ನಾನು ಕಲಿತಿದ್ದು ಕನ್ನಡದಲ್ಲಿ, ಒಂದು ಬೋರ್‌ವೆಲ್ ಪಕ್ಕ. ತಡ ಅಂದ್ರೆ ಏನು ಅಂತ ನನಗೆ ಪೂರ್ತಿ ಅರ್ಥ ಆಗಿದ್ದು ಅಪ್ಪ ಕಾಲುವೆ ಮಾತು ಹೇಳಿದಾಗ. ನಮ್ಮೂರಲ್ಲಿ ಮೋಟರ್ ವೈಂಡಿಂಗ್ ಮಾಡೋರು, ಟ್ರ್ಯಾಕ್ಟರ್ ಬಿಚ್ಚೋರು, ಟಿವಿ ರಿಪೇರಿ ಮಾಡೋರು ಎಲ್ಲರ ತಲೆಯಲ್ಲೂ ಇಂಥ ಕ್ರಮ ಇದೆ. ಅದು ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ.

ನಮ್ಮ ಅಗಡಿಯ ಆನಂದವನದಿಂದ ಒಂದು ಕಾಲದಲ್ಲಿ 'ಸದ್ಬೋಧ ಚಂದ್ರಿಕೆ' ಅನ್ನೋ ಮಾಸಪತ್ರಿಕೆ ಬರ್ತಿತ್ತು. ಗಳಗನಾಥರು ಅದರ ಸಂಪಾದಕರಾಗಿದ್ದರು. ಓದುಗರು ಬರಲಿ ಅಂತ ಕಾಯದೇ, ಪುಸ್ತಕದ ಗಂಟು ಹೊತ್ತು ಊರೂರಿಗೆ ನಡೆದು ಕನ್ನಡ ಪುಸ್ತಕ ಮಾರಿದವರು ಅವರು. ನಾನು ಅದೇ ಊರಿನವನಾಗಿ ಈ ವಿಷಯ ತಿಳ್ಕೊಂಡಿದ್ದು ಹೈಸ್ಕೂಲ್ ಮುಗಿದ ಮೇಲೆ. ನಾಚಿಕೆ ಆಯ್ತು. ನಾವು ಗಂಟು ಹೊರಬೇಕಾಗಿಲ್ಲ. ಒಂದು ಪುಟ ಬರೆದರೆ ಸಾಕು. ಕಾಲೇಜು ರೆಕಾರ್ಡ್ ಬುಕ್ ಬದಲಾಯಿಸೋ ತನಕ ಕಾಯೋದೂ ಬೇಡ. ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಒಂದು 'ತಪ್ಪಿನ ಪುಟ' ಇರಲಿ ಅಂತ ಸಂಪಾದಕರನ್ನ ಕೇಳಿದ್ದೀನಿ. ಸಿ ಪ್ರೋಗ್ರಾಂ ಆಗಲಿ, ಬೈಕ್ ಆಗಲಿ, ಲೇತ್ ಆಗಲಿ, ಮಿಕ್ಸಿ ಆಗಲಿ. ಏನು ಕೆಟ್ಟಿತ್ತು, ಹೇಗೆ ಹುಡುಕಿದಿರಿ, ಏನಾಗಿತ್ತು. ಸಿಗದೇ ಇದ್ದದ್ದನ್ನೂ ಕಳಿಸಿ, ಓದಿದವರು ಯಾರಾದರೂ ಹೇಳ್ತಾರೆ.

ಕೊನೆಗೆ ಒಂದು ಬಾಕಿ. ರಜೆ ಮುಗಿಯೋ ಹಿಂದಿನ ರಾತ್ರಿ ಅಪ್ಪನಿಗೆ ಹೇಳಿದೆ, ಲ್ಯಾಪ್‌ಟಾಪ್ ಬೇಡ, ಮತ್ತೆ ಅದು ಪ್ರಾಜೆಕ್ಟ್‌ಗೂ ಅಲ್ಲವಾಗಿತ್ತು ಅಂತ. ನಾನು ಅಂದುಕೊಂಡಷ್ಟು ಬೈಯಲಿಲ್ಲ. "ಗೊತ್ತಿತ್ತು" ಅಂದರು. ಆಮೇಲೆ ಜಾಯ್‌ಸ್ಟಿಕ್ ಕೈಗೆ ತಗೊಂಡು "ಇದು ಯಾಕ ಲಟಲಟ ಅಂತೈತಿ?" ಅಂತ ಕೇಳಿದರು. ಅದಕ್ಕೂ ಒಂದು ಪುಟ ಇದೆ. ನೋಡದೇ ಬಿಚ್ಚಿದ್ದರ ಪುಟ.

ಚೀಲಗಳು ಇನ್ನೂ ಬ್ಯಾಡಗಿಯಲ್ಲೇ ಇವೆ. ರೇಟ್ ಬರಲಿ ಅಂತ ಕಾಯ್ತಿದ್ದೀವಿ.